ತಿಂಗಳ ನೋವು: ನಾಚಿಕೆ ಬೇಡ, ಲೆಕ್ಕವಿರಲಿ



ಈ ಸಲದ 'ಆರೋಗ್ಯ ಅಂಗಳ'ವನ್ನು ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸೋಣ. ಹೆಣ್ಣುಮಕ್ಕಳಿಗೆ ತಿಂಗಳಿಗೊಮ್ಮೆ ಆಗುವ ಸ್ರಾವಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ? ಅಜ್ಜಿ ಇರುವ ಮನೆಯಾದರೆ "ಹೊರಗಾಗ್ಯಾಳ", "ಕಡಿಗಾಗ್ಯಾಳ" ಎಂಬ ಮಾತು ಕಿವಿಗೆ ಬಿದ್ದಿರಬಹುದು. ಅಮ್ಮ "ತಿಂಗಳದ್ದು" ಎಂದು ಮೆಲ್ಲಗೆ ಹೇಳಿರಬಹುದು. ಕಾಲೇಜಿನಲ್ಲಿ ಅದು "ಪೀರಿಯಡ್ಸ್" ಅಥವಾ "ಡೇಟ್". ತೆಲುಗಿನ ಗೆಳತಿ "ನೆಲಸರಿ" ಎನ್ನುತ್ತಾಳೆ, ಹಿಂದಿ-ಉರ್ದುವಿನ ಗೆಳತಿ "ಮಾಹವಾರಿ" ಎನ್ನುತ್ತಾಳೆ. ಕನ್ನಡದ ನೇರವಾದ ಪದ "ಮುಟ್ಟು" ಮಾತ್ರ ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ನಾಲಿಗೆಗೆ ಸುಲಭವಾಗಿ ಬರುವುದಿಲ್ಲ. ಪದವೇ ಇಲ್ಲದಿದ್ದರೆ ಅಮ್ಮನನ್ನು ಕೇಳುವುದು ಹೇಗೆ? ಕೇಳದಿದ್ದರೆ ತಿಳಿಯುವುದು ಹೇಗೆ? ಆದ್ದರಿಂದ ಈ ಅಂಕಣದಲ್ಲಿ "ಮುಟ್ಟು" ಎಂದೇ ಬರೆಯುತ್ತೇನೆ. ಓದಿ ಮುಗಿಸುವಷ್ಟರಲ್ಲಿ ನಿಮಗೂ ಆ ಪದ ರೂಢಿಯಾದೀತು.

ಹುಡುಗರೇ, ನೀವು ಪುಟ ತಿರುಗಿಸಬೇಡಿ. ನಿಮಗೂ ಅಕ್ಕ ತಂಗಿಯರಿದ್ದಾರೆ, ಸಹಪಾಠಿಗಳಿದ್ದಾರೆ. ನಾಳೆ ಹೆಂಡತಿ, ಮಗಳು ಇರುತ್ತಾರೆ. ಇದು ನಿಮಗೂ ಬೇಕಾದ ತಿಳಿವಳಿಕೆ.

ಹೊರಗೆ ಕೂರುವುದು ಹೋಯಿತು, ಲೆಕ್ಕವೂ ಹೋಯಿತು

ಬೀದರ, ಕಲಬುರಗಿ, ರಾಯಚೂರುಗಳ ಹಳೆಯ ಮನೆಗಳಲ್ಲಿ ಮುಟ್ಟಾದವಳು ಮೂರು ದಿನ ಹೊರಗೆ ಕೂರಬೇಕಿತ್ತು. ಪ್ರತ್ಯೇಕ ಚಾಪೆ, ಪ್ರತ್ಯೇಕ ತಟ್ಟೆ. ಯಾರನ್ನೂ ಮುಟ್ಟುವಂತಿಲ್ಲ, ಅಡುಗೆಮನೆಗೆ ಕಾಲಿಡುವಂತಿಲ್ಲ. ಅಬಿಡ್ಸ್‌ನ ಚಿರಾಗ್ ಅಲಿ ಲೇನ್‌ನಲ್ಲೋ ಚಾಪೆಲ್ ರೋಡಿನಲ್ಲೋ ಎರಡು ಕೋಣೆಯ ಫ್ಲ್ಯಾಟಿಗೆ ಬಂದ ಮೇಲೆ ಹೊರಗೆ ಕೂರಲು 'ಹೊರಗೆ' ಎಂಬ ಜಾಗವೇ ಉಳಿಯಲಿಲ್ಲ. ಶಾಲೆ, ಪರೀಕ್ಷೆ, ಕಚೇರಿ ಯಾವುದೂ ಮೂರು ದಿನ ಕಾಯುವುದಿಲ್ಲ. ಪದ್ಧತಿ ತಾನಾಗಿಯೇ ಸಡಿಲವಾಯಿತು. ಒಳ್ಳೆಯದೇ ಆಯಿತು.

ನಿಜ ಹೇಳಬೇಕೆಂದರೆ ನಮ್ಮ ನೆಲದಲ್ಲಿ ಈ ಮೈಲಿಗೆಯನ್ನು ಬಹಳ ಹಿಂದೆಯೇ ಪ್ರಶ್ನಿಸಿದವರಿದ್ದಾರೆ. 12ನೆಯ ಶತಮಾನದ ಶರಣರು ಐದು ಸೂತಕಗಳನ್ನು ಒಪ್ಪಲಿಲ್ಲ: ಜನನ, ಜಾತಿ, ಪ್ರೇತ, ರಜಸ್ಸು, ಉಚ್ಛಿಷ್ಟ. ಇದರಲ್ಲಿ ರಜಸ್ಸೂತಕವೆಂದರೆ ಮುಟ್ಟಿನ ಮೈಲಿಗೆ. ಆ ಮಾತು ಹುಟ್ಟಿದ ಕಲ್ಯಾಣ ದೂರವೇನಲ್ಲ. ಅದು ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. 1956ರ ನವೆಂಬರ್ 1ರವರೆಗೆ ಅದೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಮುಟ್ಟಾದವರನ್ನು ಬಲವಂತವಾಗಿ ಊರಾಚೆ ಇರಿಸುವುದನ್ನು ಕರ್ನಾಟಕದ 2017ರ ಅಮಾನವೀಯ ಅನಿಷ್ಟ ಪದ್ಧತಿಗಳ ತಡೆ ಕಾಯ್ದೆಯೂ ಅಪರಾಧವೆಂದು ಸಾರಿದೆ.

ಆದರೆ ಒಂದು ಮಾತು ಗಮನಿಸಿ. ಹಳೆಯ ಮನೆಯಲ್ಲಿ ಯಾರಿಗೆ ಯಾವಾಗ ಮುಟ್ಟು, ಯಾರಿಗೆ ಎರಡು ತಿಂಗಳಿಂದ ಬಂದಿಲ್ಲ, ಯಾರು ಹೊಟ್ಟೆ ಹಿಡಿದುಕೊಂಡು ಮಲಗಿದ್ದಾರೆ ಎಂಬುದು ಅಜ್ಜಿಗೆ ಕೇಳದೆಯೇ ಗೊತ್ತಾಗುತ್ತಿತ್ತು. ಇಂದು ಫ್ಲ್ಯಾಟಿನ ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಮಗಳು ನೋವು ತಿನ್ನುತ್ತಿದ್ದರೂ ಅಡುಗೆಮನೆಯಲ್ಲಿರುವ ಅಮ್ಮನಿಗೆ ತಿಳಿಯುವುದಿಲ್ಲ. ಮೈಲಿಗೆ ಹೋಯಿತು, ಮೌನ ಮಾತ್ರ ಉಳಿಯಿತು. ಆ ಮೌನದಲ್ಲಿ ಲೆಕ್ಕ ಕಳೆದುಹೋಯಿತು. ಮೈಲಿಗೆಯನ್ನು ಮರಳಿ ತರದೆ ಲೆಕ್ಕವನ್ನಷ್ಟೇ ಮರಳಿ ತರಬೇಕು. ಈ ಬಾರಿ ಅದನ್ನು ಇಡಬೇಕಾದವರು ಅಜ್ಜಿಯಲ್ಲ, ನೀವೇ.

ತಿಂಗಳು ಎಂದರೆ ಎಷ್ಟು ದಿನ?

ರಕ್ತ ಸರಿಯಾಗಿ ಹರಿಯತೊಡಗಿದ ದಿನವೇ ಮೊದಲನೆಯ ದಿನ. ಅಲ್ಲಿಂದ ಮುಂದಿನ ಮುಟ್ಟಿನ ಮೊದಲನೆಯ ದಿನದವರೆಗಿನ ಅಂತರವೇ ಒಂದು ಮುಟ್ಟಿನ ಚಕ್ರ. ಜನವರಿ 3ರಂದು ಆರಂಭವಾಗಿ ಮತ್ತೆ ಫೆಬ್ರವರಿ 1ರಂದು ಬಂದರೆ ಚಕ್ರ 29 ದಿನಗಳದ್ದು. ಎಲ್ಲರಿಗೂ 28 ದಿನವೇ ಆಗಬೇಕೆಂಬುದು ತಪ್ಪು ಕಲ್ಪನೆ. ವಯಸ್ಕ ಹೆಂಗಸರಲ್ಲಿ 24ರಿಂದ 38 ದಿನಗಳವರೆಗೆ ಸಹಜ. ಮೈನೆರೆದ ಮೊದಲ ಎರಡು ಮೂರು ವರ್ಷಗಳಲ್ಲಿ 21ರಿಂದ 45 ದಿನಗಳವರೆಗೂ ಇರಬಹುದು. ಸ್ರಾವ ಏಳು ದಿನಗಳೊಳಗೆ ನಿಲ್ಲಬೇಕು. ನೋಡಲು ಬಹಳವೆನಿಸಿದರೂ ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸರಾಸರಿ 30ರಿಂದ 40 ಮಿಲಿಲೀಟರ್, ಅಂದರೆ ಎರಡು ಮೂರು ದೊಡ್ಡ ಚಮಚೆಯಷ್ಟು. 80 ಮಿಲಿಲೀಟರ್ ಮೀರಿದರೆ ಅದು ಅತಿಸ್ರಾವ.

ಮೊದಮೊದಲು ಏಕೆ ಏರುಪೇರು? ಮಿದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿಗೂ ಕಿಬ್ಬೊಟ್ಟೆಯಲ್ಲಿರುವ ಅಂಡಾಶಯಗಳಿಗೂ ಹಾರ್ಮೋನುಗಳ ಮೂಲಕ ಮಾತುಕತೆ ನಡೆಯುತ್ತಿರುತ್ತದೆ. ಹೊಸದಾಗಿ ಸಂಸಾರ ಹೂಡಿದವರಂತೆ ಇವೆರಡೂ ಹೊಂದಿಕೊಳ್ಳಲು ಸಮಯ ಬೇಕು. ಆರಂಭದಲ್ಲಿ ಹಲವು ತಿಂಗಳು ಅಂಡವೇ ಬಿಡುಗಡೆಯಾಗದೆ ಇರಬಹುದು. ಹಾಗಾದಾಗ ಮುಟ್ಟು ಒಮ್ಮೆ ಬೇಗ, ಒಮ್ಮೆ ತಡ. ಮೂರನೆಯ ವರ್ಷದ ಹೊತ್ತಿಗೆ ಹೆಚ್ಚಿನವರಲ್ಲಿ ಇದು ಒಂದು ಲಯಕ್ಕೆ ಬರುತ್ತದೆ.

ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಸ್ಥೆ 2015ರಲ್ಲಿ ಒಂದು ಒಳ್ಳೆಯ ಮಾತು ಹೇಳಿತು. ನಾಡಿ, ಜ್ವರ, ರಕ್ತದೊತ್ತಡಗಳನ್ನು ನೋಡುವಂತೆ ಹದಿಹರೆಯದ ಹುಡುಗಿಯ ಮುಟ್ಟಿನ ಚಕ್ರವನ್ನೂ ಆರೋಗ್ಯದ ಮುಖ್ಯ ಸೂಚಕವೆಂದು ನೋಡಬೇಕು ಎಂದಿತು. ಮುಟ್ಟು ಗರ್ಭಕೋಶದ ಸುದ್ದಿಯಷ್ಟೇ ಅಲ್ಲ. ಇಡೀ ದೇಹದ ಸುದ್ದಿ.

ತಪ್ಪುವುದು ಏಕೆ?

ಎರಡು ಮೂರು ವರ್ಷ ಕಳೆದ ಮೇಲೂ ಲಯ ತಪ್ಪುತ್ತಿದ್ದರೆ ಕಾರಣ ಹುಡುಕಬೇಕು. ಕೆಲವು ಸಾಮಾನ್ಯ ಕಾರಣಗಳು ಹೀಗಿವೆ.

ಮೊದಲನೆಯದು ಒತ್ತಡ, ನಿದ್ದೆಗೆಡುವುದು, ಊಟ ಬಿಡುವುದು. ಇಂಟರ್‌ಮೀಡಿಯೆಟ್ ಓದುವಾಗ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೋಚಿಂಗ್ ತರಗತಿಯಲ್ಲಿ ಕುಳಿತು, ಊಟದ ಬದಲು ಚಹಾ-ಬಿಸ್ಕತ್ತಿನಲ್ಲಿ ದಿನ ದೂಡುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ತೆಳ್ಳಗಾಗಬೇಕೆಂದು ಉಪವಾಸ ಮಾಡುವವರಲ್ಲೂ, ಮಿತಿಮೀರಿ ವ್ಯಾಯಾಮ ಮಾಡುವವರಲ್ಲೂ ಮುಟ್ಟು ನಿಂತುಹೋಗುವುದುಂಟು. ಹೊಟ್ಟೆಗೆ ಸಾಲದಿದ್ದಾಗ ದೇಹ ಮೊದಲು ಕೈಬಿಡುವ ಖರ್ಚು ಇದೇ.

ಎರಡನೆಯದು ಥೈರಾಯ್ಡ್ ಗ್ರಂಥಿಯ ದೋಷ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಚಿಕಿತ್ಸೆಯೂ ಸುಲಭ.

ಮೂರನೆಯದು ಈಗ ಎಲ್ಲರ ಬಾಯಲ್ಲಿರುವ ಪಿ.ಸಿ.ಓ.ಎಸ್. ಇದನ್ನು 1935ರಲ್ಲಿ ಶಿಕಾಗೋ ನಗರದ ಸ್ಟೀನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ವಿವರಿಸಿದರು. ಇದರಲ್ಲಿ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರಬಹುದು. ಮುಖದಲ್ಲಿ ಮೊಡವೆ, ಗದ್ದದಲ್ಲಿ ಕೂದಲು, ಕತ್ತಿನ ಹಿಂಭಾಗ ಕಪ್ಪಾಗುವುದು, ತೂಕ ಏರುವುದು ಸಹ ಕಾಣಬಹುದು. ತೆಳ್ಳಗಿರುವವರಿಗೂ ಬರುತ್ತದೆ. ಹೆಸರು ಕೇಳಿ ಅಂಡಾಶಯದಲ್ಲಿ ಗಡ್ಡೆ ಬೆಳೆದಿದೆಯೆಂದು ಹೆದರುವವರಿದ್ದಾರೆ. ಅವು ಗಡ್ಡೆಗಳಲ್ಲ, ಬಲಿಯದೆ ಉಳಿದ ಅಂಡಕೋಶಗಳು. ಇಷ್ಟೇ ಅಲ್ಲ, ಹದಿಹರೆಯದಲ್ಲಿ ಆರೋಗ್ಯವಂತ ಅಂಡಾಶಯವೂ ಸ್ಕ್ಯಾನಿನಲ್ಲಿ ಹಾಗೆಯೇ ಕಾಣಬಹುದು. ಆದ್ದರಿಂದ ಮೈನೆರೆದು ಎಂಟು ವರ್ಷಗಳಾಗುವವರೆಗೆ ಸ್ಕ್ಯಾನ್ ನೋಡಿ ಈ ರೋಗವೆಂದು ತೀರ್ಮಾನಿಸಬಾರದೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಹದಿನಾರರ ಹುಡುಗಿಯ ಕೈಗೆ ಬರೀ ಸ್ಕ್ಯಾನಿನ ಆಧಾರದ ಮೇಲೆ ಈ ಹೆಸರಿನ ಚೀಟಿ ಬಂದಿದ್ದರೆ ಇನ್ನೊಬ್ಬ ತಜ್ಞರನ್ನು ಕೇಳುವುದು ಲೇಸು. ನಿಜವಾಗಿ ಇದ್ದರೆ ಅಲಕ್ಷ್ಯವೂ ಸಲ್ಲದು. ಮುಂದೆ ಸಕ್ಕರೆ ಕಾಯಿಲೆಗೆ ಇದು ದಾರಿಯಾಗಬಹುದು. ದಿನನಿತ್ಯದ ವ್ಯಾಯಾಮ, ಹಿತಮಿತ ಆಹಾರ, ಬೇಕಾದರೆ ಔಷಧಿ, ಇವುಗಳಿಂದ ಹತೋಟಿಯಲ್ಲಿಡಬಹುದು.

ನಾಲ್ಕನೆಯದು ಔಷಧಿ. ಹಬ್ಬ, ಮದುವೆ, ತಿರುಪತಿ, ಮಂತ್ರಾಲಯದ ಪ್ರಯಾಣ ಬಂತೆಂದರೆ ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಸಾಮಾನ್ಯವಾಗಿ ಮುಟ್ಟು ಬರುತ್ತದೆ. ಅಪರೂಪಕ್ಕೊಮ್ಮೆ, ವೈದ್ಯರು ನೋಡಿ ಕೊಟ್ಟರೆ ಅಡ್ಡಿಯಿಲ್ಲ. ವರ್ಷದ ಪ್ರತಿ ಹಬ್ಬಕ್ಕೂ ತೆಗೆದುಕೊಂಡರೆ ನಿಮ್ಮ ಲೆಕ್ಕವೇ ಅರ್ಥ ಕಳೆದುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟುವ ತೊಂದರೆ ಅಥವಾ ಮೈಗ್ರೇನ್ ಇರುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ತುರ್ತು ಗರ್ಭನಿರೋಧಕ ಮಾತ್ರೆಯಿಂದಲೂ ಮುಟ್ಟಿನ ದಿನ ಹಿಂದುಮುಂದಾಗಬಹುದು.

ಕೊನೆಯದಾಗಿ, ಗರ್ಭ ನಿಲ್ಲುವ ಸಾಧ್ಯತೆ ಇದ್ದವರು ಮುಟ್ಟು ತಪ್ಪಿದೊಡನೆ ಪರೀಕ್ಷೆ ಮಾಡಿಕೊಳ್ಳಬೇಕು. ಇದನ್ನು ಹೇಳಲು ಮುಜುಗರವೆನಿಸಬಹುದು. ಹೇಳದೆ ಬಿಟ್ಟರೆ ಆಗುವ ತೊಂದರೆ ಮುಜುಗರಕ್ಕಿಂತ ದೊಡ್ಡದು.

ನೋವು ಎಲ್ಲಿಂದ ಬರುತ್ತದೆ?

"ಹೆಣ್ಣಾಗಿ ಹುಟ್ಟಿದ ಮೇಲೆ ಇದು ಇದ್ದದ್ದೇ, ಸಹಿಸಿಕೋ." ಈ ಮಾತನ್ನು ಕೇಳದ ಹುಡುಗಿ ಇಲ್ಲ. ಕಾರಣ ತಿಳಿಯದ ಕಾಲದಲ್ಲಿ ಹಿರಿಯರು ಬೇರೇನು ಹೇಳಬಲ್ಲವರಾಗಿದ್ದರು? ಇಂದು ಕಾರಣ ತಿಳಿದಿದೆ.

1957ರಲ್ಲಿ ಇಂಗ್ಲೆಂಡಿನ ಪಿಕಲ್ಸ್ ಎಂಬ ವಿಜ್ಞಾನಿ ಮುಟ್ಟಿನ ಸ್ರಾವದಲ್ಲಿ ಸ್ನಾಯುಗಳನ್ನು ಸಂಕುಚಿಸುವ ಒಂದು ವಸ್ತು ಇದೆಯೆಂದು ತೋರಿಸಿದರು. ಅದು ಪ್ರೊಸ್ಟಗ್ಲ್ಯಾಂಡಿನ್ ಎಂದು ಮುಂದೆ ಗೊತ್ತಾಯಿತು. ಗರ್ಭಕೋಶದ ಒಳಪದರ ಕಳಚುವಾಗ ಈ ವಸ್ತು ಹೊರಬರುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿದಂತೆ ಅದು ಗರ್ಭಕೋಶವನ್ನು ಹಿಂಡುತ್ತದೆ. ಹಿಂಡಿದಾಗ ರಕ್ತನಾಳಗಳು ಇಕ್ಕಟ್ಟಾಗಿ ಸ್ನಾಯುವಿಗೆ ಆಮ್ಲಜನಕ ಸಾಲದೆ ನೋವೇಳುತ್ತದೆ. ಈ ವಸ್ತು ಹೆಚ್ಚು ಇದ್ದವರಿಗೆ ನೋವೂ ಹೆಚ್ಚು. ಸೊಂಟ, ತೊಡೆಗೆ ನೋವು ಇಳಿಯುವುದು, ವಾಕರಿಕೆ, ಭೇದಿ, ತಲೆನೋವು ಇವೂ ಅದರ ಪರಿಣಾಮಗಳೇ. 1971ರಲ್ಲಿ ಜಾನ್ ವೇನ್ ಎಂಬುವರು ಆಸ್ಪಿರಿನ್ ಗುಂಪಿನ ಔಷಧಿಗಳು ಈ ವಸ್ತುವಿನ ತಯಾರಿಕೆಯನ್ನೇ ತಡೆಯುತ್ತವೆಂದು ಕಂಡುಹಿಡಿದರು. 1982ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಬಂತು. ನಿಮ್ಮ ನೋವು ಸುಳ್ಳಲ್ಲ, ನಾಟಕವಲ್ಲ, ಕರ್ಮಫಲವೂ ಅಲ್ಲ. ಅದು ಅಳೆಯಬಹುದಾದ, ತಡೆಯಬಹುದಾದ ಒಂದು ರಾಸಾಯನಿಕ ಕ್ರಿಯೆ.

ನೋವು ಇಳಿಸುವುದರಲ್ಲಿ ನಮ್ಮ ಊರಿಗೂ ಒಂದು ಹೆಮ್ಮೆಯ ಇತಿಹಾಸವಿದೆ. ಶಸ್ತ್ರಚಿಕಿತ್ಸೆಯಲ್ಲಿ ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತ ಎಂದು ಪರೀಕ್ಷಿಸಲು 1888 ಮತ್ತು 1889ರಲ್ಲಿ ಆಯೋಗಗಳು ಕೆಲಸ ಮಾಡಿದ್ದು ಹೈದರಾಬಾದಿನಲ್ಲೇ, ಆರನೆಯ ನಿಜಾಮರ ನೆರವಿನಿಂದ. ಅದೇ ಕಾಲದಲ್ಲಿ ಇಲ್ಲಿ ವೈದ್ಯ ಶಿಕ್ಷಣ ಪಡೆದ ರೂಪಾಬಾಯಿ ಫುರ್ದೂನ್‌ಜಿ ರೋಗಿಗಳಿಗೆ ಅರಿವಳಿಕೆ ಕೊಡುವ ಕೆಲಸ ಕೈಗೊಂಡರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯರಲ್ಲಿ ಅವರನ್ನು ಎಣಿಸುತ್ತಾರೆ. ಅವರು ಕೆಲಸ ಮಾಡಿದ ರೆಸಿಡೆನ್ಸಿ ಆಸ್ಪತ್ರೆ ಇದ್ದದ್ದು ಸುಲ್ತಾನ್ ಬಜಾರಿನಲ್ಲಿ, ಅಬಿಡ್ಸ್‌ನ ದೊಡ್ಡ ಅಂಚೆ ಕಚೇರಿಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ. ನೂರಮೂವತ್ತು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಇನ್ನೊಬ್ಬರ ನೋವು ಇಳಿಸಿದ ಊರಿನಲ್ಲಿ ಇಂದಿನ ಹುಡುಗಿಯರು ಹಲ್ಲು ಕಚ್ಚಿ ಕೂರಬೇಕೆ?

ಇಳಿಸುವ ಬಗೆ

ಬಿಸಿ: ಅಜ್ಜಿಯರ ಕಾಲದ ಈ ಉಪಾಯಕ್ಕೆ ವಿಜ್ಞಾನದ ಒಪ್ಪಿಗೆಯೂ ಇದೆ. ಬಿಸಿನೀರಿನ ರಬ್ಬರ್ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕಿಬ್ಬೊಟ್ಟೆಯ ಮೇಲೆ 15-20 ನಿಮಿಷ ಇಟ್ಟುಕೊಳ್ಳಿ. ಹಿತವಾದ ಬಿಸಿ ಸಾಕು, ಚರ್ಮ ಸುಡಬಾರದು. ಹೊಟ್ಟೆಗೆ ಸುಮಾರು 40 ಡಿಗ್ರಿಯಷ್ಟು ಶಾಖ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಅದು ನೋವಿನ ಮಾತ್ರೆಗೆ ಸರಿಸಮವಾಗಿ ಕೆಲಸ ಮಾಡಿದ್ದುಂಟು.

ವ್ಯಾಯಾಮ: ವಾರಕ್ಕೆ ಮೂರು ದಿನವಾದರೂ 45 ನಿಮಿಷದಿಂದ ಒಂದು ಗಂಟೆ ಬಿರುಸಾದ ನಡಿಗೆ, ಯೋಗ ಅಥವಾ ಆಟ. ಇದನ್ನು ತಿಂಗಳುದ್ದಕ್ಕೂ ಮಾಡಬೇಕು. ನೋವು ಬಂದ ದಿನ ಮಾತ್ರ ಆಸನ ಹಾಕಿದರೆ ಸಾಲದು. ಮುಟ್ಟಿನ ದಿನಗಳಲ್ಲಿ ಆಡಬಾರದು, ಓಡಬಾರದು ಎಂಬುದಕ್ಕೆ ಆಧಾರವಿಲ್ಲ. ಮೈಗೆ ಒಗ್ಗಿದಷ್ಟು ಮಾಡಿ.

ಶುಂಠಿ: ಮುಟ್ಟಿನ ಮೊದಲ ಮೂರು ನಾಲ್ಕು ದಿನ ಶುಂಠಿ ಸೇವಿಸಿದರೆ ನೋವು ಸ್ವಲ್ಪ ತಗ್ಗುತ್ತದೆಂದು ಸಣ್ಣ ಪ್ರಮಾಣದ ಅಧ್ಯಯನಗಳು ಹೇಳುತ್ತವೆ. ಶುಂಠಿ ಕಷಾಯ, ಜೀರಿಗೆ ಕಷಾಯ ಕುಡಿದರೆ ಹಾನಿಯಂತೂ ಇಲ್ಲ. ಎಳ್ಳುಬೆಲ್ಲ ತಿಂದರೆ, ಪಪ್ಪಾಯಿ ತಿಂದರೆ ನಿಂತ ಮುಟ್ಟು ಬರುತ್ತದೆಂಬ ನಂಬಿಕೆಯ ಮೇಲೆ ಮಾತ್ರ ತಿಂಗಳುಗಟ್ಟಲೆ ಕಾಯಬೇಡಿ.

ಮಾತ್ರೆ: ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಮ್ಲ ಇವು ಪ್ರೊಸ್ಟಗ್ಲ್ಯಾಂಡಿನ್ ತಯಾರಿಕೆಯನ್ನು ತಡೆಯುವ ಗುಂಪಿನವು. ಇಲ್ಲೇ ಹೆಚ್ಚಿನವರು ಎಡವುವುದು. ನೋವು ತಾರಕಕ್ಕೇರಿ, ಇನ್ನು ತಡೆಯಲಾರೆ ಎನಿಸಿದ ಮೇಲೆ ಮಾತ್ರೆ ನುಂಗುತ್ತಾರೆ. ಆ ಹೊತ್ತಿಗೆ ಬೇಕಾದಷ್ಟು ಪ್ರೊಸ್ಟಗ್ಲ್ಯಾಂಡಿನ್ ತಯಾರಾಗಿಬಿಟ್ಟಿರುತ್ತದೆ. ಸ್ರಾವ ಅಥವಾ ನೋವು ಆರಂಭವಾದೊಡನೆ, ಊಟವಾದ ಮೇಲೆ, ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ಗಂಟೆಗೊಮ್ಮೆ ತೆಗೆದುಕೊಂಡರೆ ಫಲ ಹೆಚ್ಚು. ಸಾಮಾನ್ಯವಾಗಿ ಎರಡು ಮೂರು ದಿನ ಸಾಕು. "ಮಾತ್ರೆ ರೂಢಿಯಾಗಿಬಿಡುತ್ತದೆ, ಮುಂದೆ ಮಕ್ಕಳಾಗುವುದಿಲ್ಲ" ಎಂಬ ಭಯ ಬೇಡ. ತಿಂಗಳಿಗೆ ಎರಡು ಮೂರು ದಿನ ಹೀಗೆ ತೆಗೆದುಕೊಳ್ಳುವುದರಿಂದ ಚಟವೂ ಹತ್ತುವುದಿಲ್ಲ, ಬಂಜೆತನವೂ ಬರುವುದಿಲ್ಲ.

ಆದರೆ ಎಚ್ಚರಿಕೆಗಳಿವೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ಪಿರಿನ್‌ನಿಂದ ಉಲ್ಬಣಿಸುವ ಉಬ್ಬಸ ಇದ್ದವರಿಗೆ ಇವು ಸಲ್ಲವು. ಮಳೆಗಾಲದಲ್ಲಿ ಡೆಂಗ್ಯೂ ಶಂಕೆಯ ಜ್ವರವಿದ್ದಾಗ ಇವನ್ನು ಮುಟ್ಟಬೇಡಿ, ರಕ್ತಸ್ರಾವ ಹೆಚ್ಚಾಗಬಹುದು. ಅಂಥವರು ಪ್ಯಾರಾಸಿಟಮಾಲ್ ಬಗ್ಗೆ ವೈದ್ಯರನ್ನು ಕೇಳಲಿ. ನಮ್ಮಲ್ಲಿ ಮನೆಮಾತಾಗಿರುವ ಮೆಫ್ಟಾಲ್ ಮಾತ್ರೆಯಲ್ಲಿರುವುದು ಮೆಫೆನಾಮಿಕ್ ಆಮ್ಲ. ಈ ಔಷಧಿಯಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದೆಂದು ಭಾರತೀಯ ಔಷಧಕೋಶ ಆಯೋಗ 2023ರ ನವೆಂಬರಿನಲ್ಲಿ ಎಚ್ಚರಿಸಿತು. ಮಾತ್ರೆ ತೆಗೆದುಕೊಂಡ ಕೆಲವು ವಾರಗಳೊಳಗೆ ಜ್ವರ, ಮೈಮೇಲೆ ದದ್ದು, ಮುಖ ಊದುವುದು, ಕತ್ತಿನ ಗ್ರಂಥಿಗಳ ಬಾವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಮಾತ್ರೆಯ ಹೆಸರು ತಿಳಿಸಿ. ಹೆದರಿ ಮಾತ್ರೆಯನ್ನೇ ಬಿಡಬೇಕೆಂದಲ್ಲ, ನುಂಗುವುದೇನೆಂದು ತಿಳಿದಿರಬೇಕು.

ಇಷ್ಟಕ್ಕೂ ಬಗ್ಗದ ನೋವಿಗೆ ಹಾರ್ಮೋನು ಮಾತ್ರೆಗಳಿವೆ. ಅವನ್ನು ವೈದ್ಯರೇ ನಿರ್ಧರಿಸಬೇಕು. ಅವಿವಾಹಿತೆಗೆ ಅವನ್ನು ಬರೆದುಕೊಟ್ಟರೆ ತಾಯಂದಿರು ಗಾಬರಿಯಾಗಬಾರದು. ಅಲ್ಲಿ ಅದು ಗರ್ಭನಿರೋಧಕವಲ್ಲ, ನೋವಿನ ಚಿಕಿತ್ಸೆ.

ಯಾವಾಗ ತಡಮಾಡಬಾರದು?

ಈ ಕೆಳಗಿನ ಯಾವುದೊಂದು ಇದ್ದರೂ ಸ್ತ್ರೀರೋಗ ತಜ್ಞರನ್ನು ಕಾಣಿ:

— 15 ವರ್ಷ ತುಂಬಿದರೂ ಮೈನೆರೆಯದಿದ್ದರೆ.
— 90 ದಿನಗಳಾದರೂ ಮುಟ್ಟು ಬಾರದಿದ್ದರೆ. ಅಥವಾ 21 ದಿನಕ್ಕಿಂತ ಮೊದಲೇ ಮತ್ತೆ ಮತ್ತೆ ಬರುತ್ತಿದ್ದರೆ.
— ಏಳು ದಿನ ಮೀರಿ ಸ್ರಾವವಾದರೆ. ಒಂದೆರಡು ಗಂಟೆಗೆ ಒಂದು ಪ್ಯಾಡ್ ತೊಯ್ದುಹೋದರೆ. ಎರಡು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಳು ಬೀಳುತ್ತಿದ್ದರೆ.
— ಸರಿಯಾಗಿ ಮಾತ್ರೆ ತೆಗೆದುಕೊಂಡರೂ ಮೂರು ಮುಟ್ಟುಗಳಲ್ಲಿ ನೋವು ತಗ್ಗದಿದ್ದರೆ. ವರ್ಷದಿಂದ ವರ್ಷಕ್ಕೆ ನೋವು ಹೆಚ್ಚುತ್ತಿದ್ದರೆ.
— ಮುಟ್ಟು ಇಲ್ಲದ ದಿನಗಳಲ್ಲೂ ಕಿಬ್ಬೊಟ್ಟೆ ನೋವು, ಮಲಮೂತ್ರ ವಿಸರ್ಜನೆಯಲ್ಲಿ ನೋವು ಇದ್ದರೆ.
— ಹಠಾತ್ತನೆ ಸಹಿಸಲಾಗದ ನೋವು, ತಲೆಸುತ್ತು, ಜ್ವರ ಬಂದರೆ. ಆಗ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕೊನೆಯದರ ಹಿಂದಿನ ಎರಡು ಲಕ್ಷಣಗಳು ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯ ಸುಳಿವಾಗಿರಬಹುದು. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆಯುವ ಸ್ಥಿತಿ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇದಿದೆ. "ಎಲ್ಲರಿಗೂ ಇರುವ ನೋವೇ" ಎಂದುಕೊಂಡು ವರ್ಷಗಟ್ಟಲೆ ತಡಮಾಡುವುದೇ ಇದರ ದೊಡ್ಡ ಅಪಾಯ.

ವೈದ್ಯರ ಮುಂದೆ ಬಾಯಿ ಬಿಡುವುದು

ನಮ್ಮ ಹುಡುಗಿಯರಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ "ಹೊಟ್ಟಿ ಕಡೀಲತ್ತದ" ಎನ್ನುವುದು ಬರುತ್ತದೆ, ವೈದ್ಯರ ಮುಂದೆ ಅದನ್ನು ತೆಲುಗಿನಲ್ಲೋ ಹಿಂದಿಯಲ್ಲೋ ಹೇಳಲು ಹೋಗಿ "ಪೇಯ್ನ್" ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ. ವೈದ್ಯರಿಗೆ ಬೇಕಾದುದು ಎಲ್ಲಿ, ಹೇಗೆ, ಎಷ್ಟು ಹೊತ್ತು ಎಂಬ ವಿವರ. ಕಿಬ್ಬೊಟ್ಟೆಗೆ ತೆಲುಗಿನಲ್ಲಿ ಪೊತ್ತಿಕಡುಪು, ಸೊಂಟನೋವಿಗೆ ನಡುಮು ನೊಪ್ಪಿ. ಹಿಂಡಿದಂತಾಗುವುದಕ್ಕೆ ಹಿಂದಿಯಲ್ಲಿ ಮರೋಡ್. ಹಿಂಡುವುದೇ, ಚುಚ್ಚುವುದೇ, ಎಳೆಯುವುದೇ ಎಂದು ಮೊದಲು ಕನ್ನಡದಲ್ಲೇ ಯೋಚಿಸಿ, ಆಮೇಲೆ ಯಾವ ಭಾಷೆಯಲ್ಲಾದರೂ ಹೇಳಿ. ಒಬ್ಬರೇ ಹೋಗಲು ಅಳುಕಾದರೆ ಅಮ್ಮನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ. ವೈದ್ಯರ ಹತ್ತಿರ, ವಕೀಲರ ಹತ್ತಿರ ಮುಚ್ಚಿಡಬಾರದು ಎಂಬ ಗಾದೆ ಇರುವುದು ಇದಕ್ಕೇ.

ಬಾಯಿಮಾತಿಗಿಂತ ಬರೆದ ಲೆಕ್ಕ ಮೇಲು. ಗೋಡೆಯ ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುವುದಿಲ್ಲವೇ? ಹಾಗೆಯೇ ಒಂದು ಪುಟ್ಟ ಡೈರಿಯಲ್ಲೋ ಫೋನಿನಲ್ಲೋ ಐದು ಸಂಗತಿ ಗುರುತು ಹಾಕಿ: ಮೊದಲನೆಯ ದಿನಾಂಕ, ಸ್ರಾವ ನಿಂತ ದಿನಾಂಕ, ದಿನಕ್ಕೆ ಎಷ್ಟು ಪ್ಯಾಡ್, ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ಯಾವ ಮಾತ್ರೆ, ಎಷ್ಟು ಗಂಟೆಗೆ, ಫಲಿಸಿತೇ ಇಲ್ಲವೇ. ಮೂರು ತಿಂಗಳ ಇಂಥ ಲೆಕ್ಕ ಕೈಯಲ್ಲಿದ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಅನಗತ್ಯ ಪರೀಕ್ಷೆಗಳೂ ತಪ್ಪುತ್ತವೆ.

ರಕ್ತ ಹೋದಷ್ಟು ಬರಬೇಕಲ್ಲ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ ಇರುವವರು ತೆಲಂಗಾಣದಲ್ಲಿ ನೂರಕ್ಕೆ 57.6, ಕರ್ನಾಟಕದಲ್ಲಿ 47.8. ಅತಿಸ್ರಾವವಿರುವ ಹುಡುಗಿ ಸದಾ ಸುಸ್ತು, ಓದಿದ್ದು ತಲೆಗೆ ಹತ್ತುವುದಿಲ್ಲ ಎಂದರೆ ಸೋಮಾರಿ ಎಂದು ಬೈಯುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಕಾಳುಗಳು ನಮ್ಮ ಊಟದಲ್ಲೇ ಇವೆ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದೊಡನೆ ಚಹಾ ಕುಡಿದರೆ ಹತ್ತುವುದಿಲ್ಲ. ಹೈದರಾಬಾದಿನಲ್ಲಿದ್ದು ಇರಾನಿ ಚಹಾ ಬಿಡಿ ಎನ್ನಲಾರೆ, ಊಟಕ್ಕೂ ಚಹಾಕ್ಕೂ ಒಂದೆರಡು ಗಂಟೆ ಅಂತರವಿರಲಿ ಎಂದಷ್ಟೇ ವಿನಂತಿ. ರಕ್ತಹೀನತೆ ಇದ್ದವರಿಗೆ ಆಹಾರವೊಂದೇ ಸಾಲದು, ಕಬ್ಬಿಣದ ಮಾತ್ರೆಯೂ ಬೇಕು.

ಮನೆಯವರಿಗೆ ಎರಡು ಮಾತು

ಬಿಹಾರ ಸರ್ಕಾರ 1992ರಲ್ಲೇ ತನ್ನ ಮಹಿಳಾ ನೌಕರರಿಗೆ ತಿಂಗಳಿಗೆ ಎರಡು ದಿನ ವಿಶೇಷ ರಜೆ ಕೊಟ್ಟಿತು. ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ನೀಡಿತು. ಸರ್ಕಾರವೇ ಬಾಯಿಬಿಟ್ಟು ಮುಟ್ಟು ಎಂದಿರುವಾಗ ಮನೆಯಲ್ಲಿ ಪಿಸುಮಾತೇಕೆ? ರಜೆಯಿಂದ ವಿಶ್ರಾಂತಿ ಸಿಗುತ್ತದೆ, ಚಿಕಿತ್ಸೆ ಸಿಗುವುದಿಲ್ಲ. ಪ್ರತಿ ತಿಂಗಳೂ ಮಗಳು ಕಾಲೇಜು ತಪ್ಪಿಸಿ ಮಲಗುತ್ತಿದ್ದರೆ ರಜಾಚೀಟಿ ಬರೆದುಕೊಟ್ಟು ಸುಮ್ಮನಾಗದೆ ವೈದ್ಯರ ಬಳಿ ಕರೆದೊಯ್ಯಿರಿ.

ತಮ್ಮಂದಿರೇ, ಅಕ್ಕನಿಗೆ ಪ್ಯಾಡ್ ಬೇಕೆಂದರೆ ಅಂಗಡಿಗೆ ಹೋಗಿ ಸಕ್ಕರೆ ಕೇಳಿದಷ್ಟೇ ಸಹಜವಾಗಿ ಕೇಳಿ. ಅಂಗಡಿಯವರು ಅದನ್ನು ಪೇಪರಿನಲ್ಲಿ ಸುತ್ತಿ ಕಪ್ಪು ಚೀಲಕ್ಕೆ ಹಾಕತೊಡಗಿದರೆ "ಬೇಡಣ್ಣ, ಹಾಗೇ ಕೊಡಿ" ಎನ್ನಿ. ಮನೆಗೆ ಬಂದು ಬಿಸಿನೀರಿನ ಚೀಲ ತುಂಬಿಸಿ ಕೊಡಿ.

ಮಲೆನಾಡಿನ ತೀರ್ಥಹಳ್ಳಿಯಲ್ಲಿ 1934ರಲ್ಲಿ ಜನಿಸಿ 1991ರಲ್ಲಿ ತೀರಿಕೊಂಡ ವೈದ್ಯೆ-ಲೇಖಕಿ ಡಾ. ಅನುಪಮಾ ನಿರಂಜನ ಹದಿಹರೆಯದ ಹುಡುಗಿಯರಿಗಾಗಿಯೇ 'ಕೇಳು ಕಿಶೋರಿ' ಎಂಬ ಪುಸ್ತಕ ಬರೆದರು. ಊರಿಗೆ ಹೋದಾಗ ಸಿಕ್ಕರೆ ಕೊಂಡು ತನ್ನಿ. ಕನ್ನಡ ಓದಲು ಬಾರದವರು ಅಮ್ಮನಿಂದ ಓದಿಸಿ ಕೇಳಿ. ಹಾಗೆ ಕೇಳುವಾಗಲೇ ಇಬ್ಬರ ನಡುವಿನ ಮೌನ ಮುರಿದೀತು.

ಮುಂದಿನ ಮುಟ್ಟಿನ ಮೊದಲನೆಯ ದಿನ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕುವುದು ನಿಮ್ಮ ಕೆಲಸ. ಮುಂದಿನ ಸಂಚಿಕೆಯಲ್ಲಿ ರಕ್ತಹೀನತೆಯ ಬಗ್ಗೆ ವಿವರವಾಗಿ ನೋಡೋಣ. ನಿಮ್ಮ ಪ್ರಶ್ನೆಗಳನ್ನು ಹೆಸರು ಬರೆಯದೆಯೂ ಸಂಘದ ಕಚೇರಿಗೆ ತಲುಪಿಸಬಹುದು. ಕನ್ನಡ ತಪ್ಪಾದರೂ ಚಿಂತೆಯಿಲ್ಲ, ಪ್ರಶ್ನೆ ಬರಲಿ.